ಹಿಂಗಾರದ ಅಚ್ಚು, ಕ್ರಿಸ್‌ಮಸ್ ಬಿಸ್ಕತ್ತು

ಲಿಲ್ಲಿಯಮ್ಮನವರ ಮನೆಯ ಸ್ಟೀಲ್ ತಟ್ಟೆಯೊಂದು ಪ್ರತಿ ವರ್ಷ ಡಿಸೆಂಬರ್ 24ರ ಸಂಜೆ ನಮ್ಮ ಮನೆಗೆ ಬರುತ್ತದೆ. ಬಂದದ್ದು ಯುಗಾದಿಯವರೆಗೆ ಇಲ್ಲಿಯೇ ಇರುತ್ತದೆ. ಬರುವಾಗ ಅದರ ತುಂಬ ಕುಸ್ವಾರ್: ನೆವ್ರಿ, ಗುಳಿಯೊ, ಕಿಡಿಯೊ, ಚಕ್ಕುಲಿ, ಒಂದು ಮೂಲೆಯಲ್ಲಿ ರೋಸ್ ಕುಕೀಸ್. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲವೆಂದು ರೋಸ್ ಕುಕೀಸ್‌ನ ಹಿಟ್ಟನ್ನು ನಮಗಾಗಿ ಬೇರೆ ಪಾತ್ರೆಯಲ್ಲಿ, ಬರೀ ತೆಂಗಿನಹಾಲಿನಲ್ಲಿ ಕಲಸುತ್ತಾರೆ. ಅಷ್ಟು ಮುತುವರ್ಜಿಯಿಂದ ಬಂದ ತಟ್ಟೆಯನ್ನು ಖಾಲಿ ಕಳುಹಿಸುವುದು ಹೇಗೆ? ಹೋಳಿಗೆ ಮಾಡುವ ದಿನ ಬರಲಿ ಎಂದು ಸಾವಿತ್ರಿ ಅದನ್ನು ಗೂಡಿನಲ್ಲಿ ಎತ್ತಿಡುತ್ತಾಳೆ. ನಡುವೆ ಸಂಕ್ರಾಂತಿ ಬರುತ್ತದಲ್ಲ ಎಂದರೆ, ಎಳ್ಳುಬೆಲ್ಲಕ್ಕೆ ಅಷ್ಟು ದೊಡ್ಡ ತಟ್ಟೆ ಏಕೆ ಎನ್ನುತ್ತಾಳೆ. ಹೀಗೆ ಹನ್ನೊಂದು ವರ್ಷ ನಡೆಯಿತು.

ಹೋದ ಡಿಸೆಂಬರಿನ ಮೊದಲ ವಾರ ನಾನು ಘೋಷಿಸಿದೆ: ಈ ಸಲ ತಟ್ಟೆ ಬಂದ ಮರುದಿನವೇ ತುಂಬಿಕೊಂಡು ಹೋಗುತ್ತದೆ, ಅದೂ ನಮ್ಮ ಮನೆಯಲ್ಲಿಯೇ ಮಾಡಿದ ಕ್ರಿಸ್‌ಮಸ್ ಬಿಸ್ಕತ್ತನ್ನು ತುಂಬಿಕೊಂಡು.

ಸಾವಿತ್ರಿ ಸೌತೆಕಾಯಿ ಹೆಚ್ಚುತ್ತಿದ್ದಳು. “ಯಾರು ಮಾಡುವುದು?” ಎಂದಳು.

“ನಾನು.”

ಅವಳು ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ, ತಲೆ ಎತ್ತಲೂ ಇಲ್ಲ. ಕಾರಣವಿದೆ. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ನಾನು 31 ವರ್ಷ ಗುಮಾಸ್ತನಾಗಿದ್ದವನು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಚೀಲ ನೋಡಿ ಹೇಳಬಲ್ಲೆ. ತೂಕದ ಮುಳ್ಳು ಕೂದಲೆಳೆಯಷ್ಟು ಆಚೆ ನಿಂತರೆ ಕಣ್ಣಿಗೆ ಬೀಳುತ್ತದೆ. ನಿವೃತ್ತನಾಗಿ ಸಾಗರಕ್ಕೆ ಬಂದು, ಅರ್ಧ ಎಕರೆ ತೋಟ ನೋಡಿಕೊಂಡು ಕೂತ ಮೇಲೂ ಒಲೆಯ ಮುಂದೆ ನಾನು ಮಾಡಿದ ದೊಡ್ಡ ಸಾಹಸವೆಂದರೆ ಕಷಾಯ.

ಧೈರ್ಯ ಬಂದದ್ದು ಪುಸ್ತಕದಿಂದ. ಬೆಂಗಳೂರಿನಲ್ಲಿರುವ ಸೊಸೆ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡಿದ್ದ ದಪ್ಪ ರಟ್ಟಿನ ಇಂಗ್ಲಿಷ್ ಪುಸ್ತಕ ಅದು. ದೊಡ್ಡ ಓವನ್ ಕೊಂಡಾಗ ತನ್ನ ಹಳೆಯ ಚಿಕ್ಕ ಓವನ್ನನ್ನೂ ಈ ಪುಸ್ತಕವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ನಮ್ಮ ಅಟ್ಟಕ್ಕೆ ಸೇರಿಸಿದ್ದಳು. ಹಾಳೆತಟ್ಟೆಗಳ ಕಟ್ಟಿನ ಹಿಂದೆ ಎರಡು ಮಳೆಗಾಲ ಕಳೆದಿದ್ದರೂ ಪುಸ್ತಕಕ್ಕೆ ಬೂಷ್ಟು ಹಿಡಿದಿರಲಿಲ್ಲ; ಮಲೆನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಮೊದಲು ಯಾರ ಕೈಯಲ್ಲಿತ್ತೋ, ಕೆಲವು ಪುಟಗಳ ಮೇಲೆ ಬೆಣ್ಣೆಯ ಕಲೆ ಬಿದ್ದು ಕಾಗದ ಪಾರದರ್ಶಕವಾಗಿದೆ. ಅಂಚಿನಲ್ಲಿ ಪೆನ್ಸಿಲಿನ ಟಿಪ್ಪಣಿ: ‘ಸಕ್ಕರೆ ಹೆಚ್ಚಾಯಿತು’, ‘ಎರಡು ನಿಮಿಷ ಮೊದಲೇ ತೆಗೆ’. ಅಡುಗೆ ಪುಸ್ತಕ ಕೊಳ್ಳುವವರಿಗೆ ನನ್ನದೊಂದು ಸಲಹೆ. ಹಳೆಯದನ್ನು ಕೊಳ್ಳಿ, ಕಲೆ ಎಲ್ಲೆಲ್ಲಿ ಬಿದ್ದಿದೆ ನೋಡಿ. ಕಲೆಯಿಲ್ಲದ ಪುಟವನ್ನು ಯಾರೂ ಮಾಡಿ ನೋಡಿಲ್ಲ ಎಂದೇ ಅರ್ಥ.

ನನಗೆ ಈ ಪುಸ್ತಕ ಹಿಡಿಸಿದ್ದಕ್ಕೆ ಮುಖ್ಯ ಕಾರಣ, ಅದರಲ್ಲಿ ಎಲ್ಲವೂ ಗ್ರಾಮಿನಲ್ಲಿದೆ. ಮೊಬೈಲಿನ ವಿಡಿಯೊಗಳಲ್ಲಿ ‘ಒಂದು ಕಪ್ ಮೈದಾ’ ಎನ್ನುತ್ತಾರೆ. ಯಾವ ಕಪ್? ಅಮೆರಿಕದವರ ಕಪ್ ಸುಮಾರು 240 ಮಿಲಿಲೀಟರ್. ಇರಲಿ, ಕಪ್ ಒಂದೇ ಆದರೂ ಮೈದಾ ಒಂದೇ ಆಗಬೇಕಲ್ಲ. ನಾನು ಅಡುಗೆಮನೆಯ ತಕ್ಕಡಿಯಲ್ಲಿ ನೋಡಿಯೇಬಿಟ್ಟೆ. ಚಮಚದಿಂದ ಹಗುರವಾಗಿ ತುಂಬಿದರೆ ಕಪ್ಪಿಗೆ 122 ಗ್ರಾಂ. ಡಬ್ಬಿಯೊಳಗೆ ಕಪ್ಪನ್ನೇ ತೂರಿಸಿ ಮೊಗೆದರೆ 149. ಒಂದು ಕಪ್ಪಿಗೆ 27 ಗ್ರಾಂ ಹೆಚ್ಚುಕಡಿಮೆ! ನಮ್ಮ ಸೇರು, ಪಾವುಗಳೂ ಪಾತ್ರೆಯ ಅಳತೆಯೇ ತಾನೆ ಎನ್ನಬಹುದು. ಆದರೆ ಅವು ಅಕ್ಕಿಗೆ, ಭತ್ತಕ್ಕೆ ಹುಟ್ಟಿದ ಅಳತೆಗಳು. ಅಕ್ಕಿ ಒತ್ತಿದರೆ ಕುಗ್ಗುವುದಿಲ್ಲ. ಮೈದಾ ಹತ್ತಿಯ ಹಾಗೆ, ಒತ್ತಿದಷ್ಟೂ ಒಳಗೆ ಹೋಗುತ್ತದೆ. ಹತ್ತಿಯನ್ನು ಸೇರಿನಲ್ಲಿ ಅಳೆದು ಮಾರಿದವನನ್ನು ನಾನಂತೂ ಕಂಡಿಲ್ಲ.

ಪುಸ್ತಕದಲ್ಲಿ ಜರ್ಮನಿಯದು, ಆಸ್ಟ್ರಿಯದ್ದು, ಸ್ವೀಡನ್ನಿನದು ಎಂದು ಹತ್ತಾರು ಕ್ರಿಸ್‌ಮಸ್ ಬಿಸ್ಕತ್ತುಗಳಿವೆ. ಮೊಟ್ಟೆ ಬೇಡದವುಗಳನ್ನು ಪಟ್ಟಿ ಮಾಡಿದೆ. ಇಲ್ಲಿಯೂ ಪುಸ್ತಕದ ಪ್ರಾಮಾಣಿಕತೆ ಇಷ್ಟವಾಯಿತು. ಮೊಟ್ಟೆ ಬೇಕಾದ ಕಡೆ ‘ಬೇಡವಾದರೆ ಬಾಳೆಹಣ್ಣು ಕಿವುಚಿ ಹಾಕಿ’ ಎಂಬ ಸಮಾಧಾನದ ಮಾತಿಲ್ಲ. ಮೊದಲಿನಿಂದಲೂ ಮೊಟ್ಟೆಯಿಲ್ಲದವು ಬೇರೆಯೇ ಇವೆ. ಅವುಗಳಲ್ಲೊಂದು ಡಚ್ಚರ ಸ್ಪೆಕ್ಯುಲಾಸ್. ಹಾಲೆಂಡಿನಲ್ಲಿ ಡಿಸೆಂಬರ್ 5ರ ಸಂಜೆ ಸಂತ ನಿಕೋಲಾಸನ ಹಬ್ಬ, ಆಗ ತಿನ್ನುವ ಬಿಸ್ಕತ್ತು. ಕುಕೀ ಎಂಬ ಮಾತೂ ಡಚ್ಚರದೇ, ‘ಕುಕ್ಯೆ’, ಎಂದರೆ ಪುಟ್ಟ ಕೇಕು. ಸ್ಪೆಕ್ಯುಲಾಸನ್ನು ಮರದ ಅಚ್ಚಿನಲ್ಲಿ ಒತ್ತುತ್ತಾರೆ. ಒಳಗೆ ಹಾಕುವ ಮಸಾಲೆ ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಏಲಕ್ಕಿ, ಶುಂಠಿ, ಬಿಳಿಮೆಣಸು.

ಈ ಸಾಲು ಓದಿ ನಾನು ಕನ್ನಡಕ ತೆಗೆದು ಕಿಟಕಿಯಾಚೆ ನೋಡಿದೆ. ಆರರಲ್ಲಿ ನಾಲ್ಕು ನಮ್ಮ ಅರ್ಧ ಎಕರೆಯಲ್ಲಿವೆ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಲ್ಲಿ ಕಾಳಿನ ಕರೆಗಳು ಇನ್ನೂ ಹಸಿರು. ಬಾವಿಯ ಪಕ್ಕ ಜಾಯಿಕಾಯಿ, ಬೇಲಿಯ ಹತ್ತಿರ ದಾಲ್ಚಿನ್ನಿ ಮರ, ನೆರಳಿನಲ್ಲಿ ಹತ್ತು ಬುಡ ಏಲಕ್ಕಿ. ಇಲ್ಲಿಂದ ಜೋಗ ದಾಟಿ ಘಟ್ಟ ಇಳಿದರೆ ಗೇರುಸೊಪ್ಪೆ. 16ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಅವರ ಬೆನ್ನಿಗೆ ಡಚ್ಚರೂ ಈ ಕರಾವಳಿಗೆ ಬಂದರು. ಘಟ್ಟದ ಮೇಲಿನಿಂದ ಎತ್ತಿನ ಹೇರಿನಲ್ಲಿ ಇಳಿದು ಹಡಗು ಹತ್ತಿದ ಮೆಣಸು ಯಾವ ಊರಿನ ಯಾವ ಬಿಸ್ಕತ್ತಿಗೆ ಬಿತ್ತೋ ಹೇಳುವವರಿಲ್ಲ. ಆದರೂ ಹಾಲೆಂಡಿನ ಹಬ್ಬದ ತಿಂಡಿ ಮಾಡಲು ಅಂಗಡಿಗೆ ಹೋಗಿ ತರಬೇಕಾದದ್ದು ಲವಂಗ ಮತ್ತು ಶುಂಠಿ ಮಾತ್ರ ಎಂದಾಗ, ಇದು ನಮಗೆ ಅಷ್ಟೇನೂ ಪರಕೀಯವಲ್ಲ ಅನ್ನಿಸಿತು. ಪುಸ್ತಕ ಕೇಳುವ ಕಂದು ಸಿರಪ್ಪಿನ ಜಾಗಕ್ಕೆ ಜೋನಿ ಬೆಲ್ಲ ಇತ್ತು. ಆ ಸಿರಪ್ಪಿನ ಬಾಟಲಿಯನ್ನು ನಾನು ಕಂಡಿಲ್ಲ, ಕಾಣಬೇಕೆಂಬ ಆಸೆಯೂ ಇಲ್ಲ.

ಇನ್ನು ನನ್ನ ಮೊದಲ ಸೋಲು. ಅದು ಬೆಣ್ಣೆಯದು.

ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು, ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೆಯೇ ನಿಲ್ಲಬೇಕು ಎನ್ನುತ್ತದೆ ಪುಸ್ತಕ. ಡಿಸೆಂಬರಿನ ಬೆಳಿಗ್ಗೆ ನಮ್ಮಲ್ಲಿ ಬೆಣ್ಣೆಗೆ ಹೆಬ್ಬೆರಳೊತ್ತಿದರೆ ನೋಯುವುದು ಹೆಬ್ಬೆರಳಿಗೆ. ಬಚ್ಚಲೊಲೆಯ ಪಕ್ಕದ ಕಟ್ಟೆಯ ಮೇಲೆ ಹತ್ತು ನಿಮಿಷ ಇಟ್ಟೆ. ಅಷ್ಟರಲ್ಲಿ ತೋಟದ ಕಡೆಯಿಂದ ಯಾರೋ ಕರೆದರು, ಮಾತು ಬೆಳೆಯಿತು. ಬಂದು ನೋಡಿದರೆ ಅರ್ಧ ಎಣ್ಣೆಯಾಗಿತ್ತು. ಪರವಾಗಿಲ್ಲವೆಂದು ಅದನ್ನೇ ಸಕ್ಕರೆಯೊಡನೆ ಕಡೆದೆ. ಬೆಣ್ಣೆ ಸಕ್ಕರೆ ಕಡೆಯುವುದು ಬರೀ ಬೆರೆಸುವುದಕ್ಕಲ್ಲ, ಸಕ್ಕರೆಯ ಹರಳು ಬೆಣ್ಣೆಯನ್ನು ಕೆರೆದು ಅದರೊಳಗೆ ಗಾಳಿ ಸಿಕ್ಕಿಸುವುದಕ್ಕೆ. ಕರಗಿದ ಬೆಣ್ಣೆ ಗಾಳಿಯನ್ನು ಹಿಡಿದಿಡುವುದಿಲ್ಲ. ಇದನ್ನು ಪುಸ್ತಕ ಹೇಳಿತ್ತು. ನಾನು ಓದಿಯೂ ಇದ್ದೆ. ಓವನ್ನಿನೊಳಗೆ ಹನ್ನೆರಡು ಬಿಸ್ಕತ್ತು ಇಟ್ಟೆ, ಹೊರಗೆ ಒಂದು ಬಂತು: ತಟ್ಟೆಯ ಅಂಚಿನಿಂದ ಅಂಚಿಗೆ ಹರಡಿದ ಒಂದೇ ಒಂದು ದೊಡ್ಡ ಕಂದು ಹಾಳೆ.

“ತೊಡೆದೇವು ಮಾಡಿದಿರಾ?” ಎಂದಳು ಸಾವಿತ್ರಿ.

ಎರಡನೆಯ ಸಲ ಬೆಣ್ಣೆ ಹದವಾಗಿಯೇ ಇತ್ತು. ಹರಡಲಿಲ್ಲ. ಆದರೆ ಹಲ್ಲಿಗೆ ಕಲ್ಲು. ಪುಸ್ತಕದ ಕೊನೆಯಲ್ಲಿ ಏನು ತಪ್ಪಿದರೆ ಏನಾಗುತ್ತದೆ ಎಂಬ ನಾಲ್ಕು ಪುಟಗಳಿವೆ. ನನ್ನ ದೃಷ್ಟಿಯಲ್ಲಿ ಇಡೀ ಪುಸ್ತಕದ ಜೀವ ಅಲ್ಲಿದೆ. ಚೆಂದದ ಚಿತ್ರ ಎಲ್ಲ ಪುಸ್ತಕದಲ್ಲೂ ಇರುತ್ತದೆ. ತನ್ನ ಮನೆಯಲ್ಲಿ ಹತ್ತು ಸಲ ಸುಟ್ಟುಕೊಂಡವರು ಮಾತ್ರ ಇಂಥ ನಾಲ್ಕು ಪುಟ ಬರೆಯಬಲ್ಲರು. ಬಿಸ್ಕತ್ತು ಗಟ್ಟಿಯಾದರೆ ಹೆಚ್ಚು ನಾದಿದ್ದೀರಿ, ಇಲ್ಲವೇ ನೀರು ಹೆಚ್ಚಾಗಿದೆ ಎಂದಿತ್ತು. ನಾನು ನೀರು ಹಾಕಿಯೇ ಇರಲಿಲ್ಲ. ಹಾಗಾದರೆ ಎಲ್ಲಿಂದ ಬಂತು?

ಆಗ ಮಂಡಿಯ ಬುದ್ಧಿ ಎಚ್ಚರವಾಯಿತು. ನಾನು ಹಾಕಿದ್ದು ಮನೆಯಲ್ಲಿ ಕಡೆದ ಬೆಣ್ಣೆ. ಸರಿಯಾಗಿ ಒಣಗದ ಅಡಿಕೆ ತಂದು ಒಣ ಅಡಿಕೆಯ ದರ ಕೇಳುವವರನ್ನು ನಾನು 31 ವರ್ಷ ಕಂಡಿದ್ದೇನೆ. ತೂಕದಲ್ಲಿ ನೀರು ಅಡಗುತ್ತದೆ. ನಮ್ಮ ಬೆಣ್ಣೆ 100 ಗ್ರಾಂ ತೂಗಿ ಕಾಯಿಸಿದೆ. ಸೋಸಿದ ತುಪ್ಪ 71 ಗ್ರಾಂ. ಅಂಗಡಿಯ ಉಪ್ಪಿಲ್ಲದ ಪ್ಯಾಕೆಟ್ ಬೆಣ್ಣೆ 100 ಗ್ರಾಂ ಕಾಯಿಸಿದೆ. ತುಪ್ಪ 81. ಪುಸ್ತಕಗಳು ಲೆಕ್ಕ ಹಾಕುವುದು ನೂರಕ್ಕೆ 80 ಭಾಗ ಕೊಬ್ಬಿರುವ ಬೆಣ್ಣೆಗೆ. ನಮ್ಮದರಲ್ಲಿ ಉಳಿದದ್ದು ಬಹುಪಾಲು ಮಜ್ಜಿಗೆಯ ನೀರು. ಆ ನೀರು ಮೈದಾಕ್ಕೆ ಸೇರಿ, ಮೈದಾದ ಅಂಟು ಎದ್ದು, ಬಿಸ್ಕತ್ತು ಗಟ್ಟಿಯಾಯಿತು. ಎರಡು ಪಾತ್ರೆಗಳನ್ನೂ ತೆಗೆದುಕೊಂಡು ಹೋಗಿ ಸಾವಿತ್ರಿಗೆ ತೋರಿಸಿದೆ, ವ್ಯಾಪಾರಿಗೆ ತೂಕದ ಚೀಟಿ ತೋರಿಸುವ ಹಾಗೆ. ಅವಳು ನಿಂತು ಕೇಳಿ, “ಅದಕ್ಕೇ ಶಂಕರಪೋಳಿಗೆ ನಾನು ಬೆಣ್ಣೆ ಹಾಕುವುದಿಲ್ಲ, ತುಪ್ಪ ಹಾಕುತ್ತೇನೆ” ಎಂದಳು. ಈ ಮಾತನ್ನು ಮೊದಲೇ ಹೇಳಬಹುದಿತ್ತಲ್ಲ ಎಂದರೆ, ನೀವು ಕೇಳಿದಿರಾ ಎಂದಳು.

ನಾನು ಕೇಳಿರಲಿಲ್ಲ, ನಿಜ.

ಅಲ್ಲಿಂದ ಅವಳೂ ಒಳಗೆ ಬಂದಳು. ಮಾತಿನಲ್ಲಿ ಏನೂ ಒಪ್ಪಂದವಾಗಲಿಲ್ಲ. ಹಿಟ್ಟಿನ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು ಅಷ್ಟೆ. ಪುಸ್ತಕ ‘ಹಿಟ್ಟು ಒಟ್ಟುಗೂಡಿದೊಡನೆ ನಿಲ್ಲಿಸಿ’ ಎಂದು ಹೇಳಿದ್ದನ್ನು ನಾನು ಓದಿ ಹೇಳಿದಾಗ, ಅವಳು ಒಂದು ಹಿಡಿ ಎತ್ತಿ ಮುಷ್ಟಿ ಬಿಗಿದು ಬಿಟ್ಟಳು. ಉಂಡೆ ಒಡೆಯದೆ ನಿಂತಿತು. ಬೆರಳಿನಿಂದ ತಟ್ಟಿದರೆ ಪುಡಿಯಾಯಿತು. “ಇಷ್ಟೇ ತಾನೆ? ನಿಪ್ಪಟ್ಟಿನ ಹದ.” ಪುಸ್ತಕ ಅರ್ಧ ಪುಟದಲ್ಲಿ ಹೇಳಿದ್ದು ಅವಳ ಮುಷ್ಟಿಯಲ್ಲಿತ್ತು.

ಅಚ್ಚಿನ ಕಥೆ ಬೇರೆ. ಮರದ ಅಚ್ಚಿಲ್ಲದೆ ಸ್ಪೆಕ್ಯುಲಾಸ್ ಮಾಡುವುದೆಂದರೆ ಬರೀ ಬಿಲ್ಲೆ ಕತ್ತರಿಸುವುದು. ಹಾಗೂ ಮಾಡಬಹುದು ಎಂದು ಪುಸ್ತಕವೇ ಹೇಳುತ್ತದೆ. ಆದರೆ ನಾವಿರುವುದು ಸಾಗರದಲ್ಲಿ. ಇಲ್ಲಿನ ಗುಡಿಗಾರರು ಶ್ರೀಗಂಧದಲ್ಲಿ ಆನೆಯ ಸೊಂಡಿಲಿನ ಸುಕ್ಕನ್ನೂ ಬಿಡಿಸುವವರು. ಪರಿಚಯದ ಹಿರಿಯ ಗುಡಿಗಾರರೊಬ್ಬರ ಬಳಿ ಪುಸ್ತಕವನ್ನೇ ಹಿಡಿದುಕೊಂಡು ಹೋದೆ. ಚಿತ್ರ ನೋಡಿ, “ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ. ಅದು ಎರಡು ಹೋಳು, ಇದು ಒಂದೇ” ಎಂದರು. ಬಿಸ್ಕತ್ತಿಗೆ ಗಂಧದ ಮರ ಬೇಡ, ಶಿವನೆ ಸಾಕು ಎಂದರು. ಡಚ್ಚರ ಅಚ್ಚಿನಲ್ಲಿ ಸಂತ ನಿಕೋಲಾಸ್, ಗಾಳಿಯಂತ್ರ, ಹಡಗು ಇರುತ್ತವೆ. ನಮಗೆ ಯಾವುದಿರಲಿ? ನಕ್ಷತ್ರ ಎಂದೆ. ಅವರಿಗೆ ನಕ್ಷತ್ರದಲ್ಲಿ ಆಸಕ್ತಿ ಬರಲಿಲ್ಲ, ಕೆತ್ತಲು ಏನೂ ಇಲ್ಲ ಅದರಲ್ಲಿ. ಕೊನೆಗೆ ಅವರೇ ಹಿಂಗಾರ ಎಂದರು. ಹಾಳೆಯಿಂದ ಆಗ ತಾನೇ ಬಿಚ್ಚಿಕೊಂಡ ಅಡಿಕೆ ಹೂವಿನ ಗೊಂಚಲು. ಮೂರು ಅಂಗುಲ ಉದ್ದ, ಒಂದೂವರೆ ಅಗಲ. ತಗ್ಗಾಗಿ ಕೆತ್ತಿದ್ದು ಬಿಸ್ಕತ್ತಿನಲ್ಲಿ ಉಬ್ಬಿ ನಿಲ್ಲಬೇಕಲ್ಲ, ಹಾಗಾಗಿ ನಡುನಡುವೆ ಮೇಣ ಒತ್ತಿ ನೋಡುತ್ತಾ ಕೆತ್ತಿದರು. ಹತ್ತು ದಿನದಲ್ಲಿ ಕೊಟ್ಟರು. ಕೂಲಿ ಎಷ್ಟೆಂದು ಸಾವಿತ್ರಿಗೆ ಹೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು. ಅವಳು ಇದನ್ನು ಓದುವುದಿಲ್ಲ ಎಂಬ ಭರವಸೆಯಿದೆ.

ಹೊಸ ಅಚ್ಚು ಬಂದ ದಿನ ನಾನು ಅದನ್ನು ನೀರಿನಲ್ಲಿ ನೆನೆಸಿದೆ, ಸಕ್ಕರೆ ಅಚ್ಚಿಗೆ ಮಾಡುವ ಹಾಗೆ. ಬಿಸಿ ಪಾಕ ಮರಕ್ಕೆ ಹಿಡಿಯದಿರಲಿ ಎಂದು ಅಲ್ಲಿ ನೆನೆಸುತ್ತಾರೆ. ಬೆಣ್ಣೆಯ ಹಿಟ್ಟಿಗೆ ಇದು ಪೂರ್ತಿ ಉಲ್ಟಾ. ಒದ್ದೆ ಮರಕ್ಕೆ ಹಿಟ್ಟು ಅಂಟಿ ಕೂತಿತು. ಹೂವಿನ ಒಂದೊಂದು ಎಸಳಿನಿಂದಲೂ ಕಡ್ಡಿಯಲ್ಲಿ ಕೆದಕಿ ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಅಚ್ಚು ಒಣಗಿರಬೇಕು, ಅಕ್ಕಿಹಿಟ್ಟು ಉದುರಿಸಿ ಮಗುಚಿ ತಟ್ಟಿ, ಹೆಚ್ಚಿದ್ದನ್ನು ಕೊಡವಿ ಹಿಟ್ಟು ಒತ್ತಬೇಕು. ಇದೂ ಪುಸ್ತಕದಲ್ಲಿತ್ತು. ಒಳ್ಳೆಯ ಪುಸ್ತಕವಿದ್ದೂ ಕೆಡಿಸುವವನಿಗೆ ಪುಸ್ತಕದ ಮೇಲೆ ದೂರು ಹೇಳುವ ಸುಖವೂ ಇಲ್ಲ.

ಮರುದಿನ ಒಣ ಅಚ್ಚು, ಅಕ್ಕಿಹಿಟ್ಟು. ಮೇಜಿನಂಚಿಗೆ ಒಮ್ಮೆ ಕುಟ್ಟಿದರೆ ಹಿಂಗಾರ ಹಾಗೆಯೇ ಅಂಗೈಗೆ ಬಿತ್ತು. ಗೊಂಚಲಿನ ಒಂದೊಂದು ಕಾಳೂ ಸ್ಪಷ್ಟ. ಓವನ್ನಿಗೆ ಇಟ್ಟೆ, ಗಾಜಿನ ಮುಂದೆ ಮಣೆ ಹಾಕಿಕೊಂಡು ಕೂತೆ. ಏಳನೆಯ ನಿಮಿಷಕ್ಕೆ ಹೂವು ಊದತೊಡಗಿತು, ಹತ್ತನೆಯ ನಿಮಿಷಕ್ಕೆ ಅದು ಹೂವೋ ಹುಣಸೆಬೀಜವೋ ತಿಳಿಯದಾಯಿತು. ಸೋಡಾ ಹೆಚ್ಚಾಗಿತ್ತು. ಅಚ್ಚೊತ್ತುವ ಬಿಸ್ಕತ್ತಿಗೆ ಸೋಡಾ ಚಿಟಿಕೆಯಷ್ಟೇ ಸಾಕು. ಸೋಡಾಕ್ಕೆ ಬೆಲ್ಲದ ಹುಳಿ, ತೇವ ಎರಡೂ ಸಿಕ್ಕಿದರೆ ಕೂಡಲೇ ಅನಿಲ ಬಿಡುತ್ತದೆ. ನಮ್ಮ ಜೋನಿ ಬೆಲ್ಲವೋ ಹೋದ ವರ್ಷದ್ದು, ಡಬ್ಬಿ ತೆರೆದರೆ ಮೂಗಿಗೇ ಹುಳಿ ತಿಳಿಯುತ್ತಿತ್ತು. ನಾನು ಅರ್ಧ ಚಮಚ ಸೋಡಾ ಹಾಕಿದ್ದೆ, ನೊರೆ ಬರಲಿ ಎಂದು ಹಾಕಿದ ಹಾಗೆ.

ಇಷ್ಟೆಲ್ಲ ಆದ ಮೇಲೆ ಕೂತ ಲೆಕ್ಕ ಇದು. ಮೈದಾ 250 ಗ್ರಾಂ. ಪ್ಯಾಕೆಟ್ ಬೆಣ್ಣೆ 130. ಪುಡಿ ಮಾಡಿದ ಸಕ್ಕರೆ 110. ಪುಸ್ತಕದಲ್ಲಿ 125 ಇತ್ತು, ಪೆನ್ಸಿಲಿನವರ ಮಾತು ಕೇಳಿ ಇಳಿಸಿದೆ. ಜೋನಿ ಬೆಲ್ಲ 25. ಉಪ್ಪು 2 ಗ್ರಾಂ, ಸೋಡಾ 1 ಗ್ರಾಂ. ದಾಲ್ಚಿನ್ನಿ ಪುಡಿ 5 ಗ್ರಾಂ, ಉಳಿದ ಐದು ಮಸಾಲೆ ತಲಾ 1 ಗ್ರಾಂ. ಅಡುಗೆಮನೆಯ ತಕ್ಕಡಿ 1 ಗ್ರಾಂ ಅನ್ನು ಸರಿಯಾಗಿ ತೋರಿಸುವುದಿಲ್ಲ. 10 ಗ್ರಾಂ ತೂಗಿ, ಕಾಗದದ ಮೇಲೆ ಉದ್ದಕ್ಕೆ ಎಳೆದು ಹತ್ತು ಪಾಲು ಮಾಡಿ. ಹಿಟ್ಟು ಕೂಡದಿದ್ದರೆ ಒಂದೆರಡು ಚಮಚ ಹಾಲು. ಕಲಸಿದ ಹಿಟ್ಟು ಒಂದು ರಾತ್ರಿ ಫ್ರಿಜ್ಜಿನಲ್ಲಿರಬೇಕು. ಬೆಣ್ಣೆ ಗಟ್ಟಿಯಾಗಿ ಅಚ್ಚು ಉಳಿಯುತ್ತದೆ, ಮಸಾಲೆ ಹಿಟ್ಟಿಗೆ ಹಿಡಿಯುತ್ತದೆ. ಅರ್ಧ ಸೆಂಟಿಮೀಟರ್ ದಪ್ಪ, ಒಂದೊಂದು 15 ಗ್ರಾಂ. ಓವನ್ 170 ಡಿಗ್ರಿ, 14ರಿಂದ 16 ನಿಮಿಷ.

170 ಎಂದರೆ ಗುಂಡಿ ತೋರಿಸುವ 170 ಅಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಓವನ್ ಒಳಗಿಡುವ ಥರ್ಮಾಮೀಟರ್ ಹುಡುಕಿ ತಂದೆ. ನಮ್ಮ ಓವನ್ನಿನ ಗುಂಡಿ 170ರಲ್ಲಿದ್ದಾಗ ಒಳಗೆ 195 ಇತ್ತು. ಮುಳ್ಳು ಸುಳ್ಳು ಹೇಳುವ ತಕ್ಕಡಿಯನ್ನು ಮಂಡಿಯಲ್ಲಿ ಒಂದು ದಿನ ಇಟ್ಟುಕೊಳ್ಳುತ್ತಿರಲಿಲ್ಲ; ಅಡುಗೆಮನೆಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ಯಾವಾಗ ತೆಗೆಯಬೇಕು ಎಂಬಲ್ಲಿ ನಮ್ಮಿಬ್ಬರಿಗೂ ಜಗಳವಾಯಿತು. 14 ನಿಮಿಷಕ್ಕೆ ಒತ್ತಿದರೆ ಬಿಸ್ಕತ್ತು ಇನ್ನೂ ಮೆತ್ತಗಿತ್ತು. ಬೆಂದಿಲ್ಲ, ಇನ್ನೆರಡು ನಿಮಿಷ ಎಂದೆ. ಅವಳು, “ಬರ್ಫಿಯ ಪಾಕ ಒಲೆಯ ಮೇಲೆ ಗಟ್ಟಿಯಾಗುವವರೆಗೆ ಬಿಟ್ಟರೆ ಆಮೇಲೆ ಸುತ್ತಿಗೆ ಬೇಕು. ಇಳಿಸಿದ ಮೇಲೂ ಹದ ಏರುತ್ತದೆ. ಅಂಚು ನೋಡಿ, ಅಂಚಿಗೆ ಬಣ್ಣ ಬಂದಿದೆ” ಎಂದು ಬಾಗಿಲು ತೆಗೆದೇಬಿಟ್ಟಳು. ಹತ್ತು ನಿಮಿಷ ಆರಿದ ಮೇಲೆ ಮುರಿದರೆ ಟಕ್ಕೆಂದಿತು. ಪುಟ ತಿರುಗಿಸಿ ನೋಡಿದೆ: ‘ಅಂಚು ಬಣ್ಣ ತಿರುಗಿದಾಗ, ನಡುಭಾಗ ಮೆತ್ತಗಿರುವಾಗಲೇ ತೆಗೆಯಿರಿ’. ಪುಸ್ತಕ ಎಷ್ಟು ನಿಮಿಷ ಎಂದೂ ಹೇಳಿತ್ತು, ಕಣ್ಣಿಗೆ ಏನು ಕಾಣಬೇಕೆಂದೂ ಹೇಳಿತ್ತು. ನಾನು ಓದಿದ್ದು ಅಂಕಿ ಮಾತ್ರ. ಪಕ್ಕದ ಪೆನ್ಸಿಲ್ ಟಿಪ್ಪಣಿಯನ್ನೂ ಓದಿರಲಿಲ್ಲ: ‘ಎರಡು ನಿಮಿಷ ಮೊದಲೇ ತೆಗೆ’.

22ನೆಯ ತಾರೀಕು ತಟ್ಟೆಗೆಂದು ದೊಡ್ಡ ಪ್ರಮಾಣದಲ್ಲಿ ಮಾಡಲು ಕೂತೆವು. ಎರಡು ಪಾಲು ಹಿಟ್ಟು, ಎಪ್ಪತ್ತು ಬಿಸ್ಕತ್ತು. ಐದು ಸರದಿ ಸರಿಯಾಗಿ ಬಂದವು. ಆರನೆಯದು ಒಳಗಿದ್ದಾಗ ಕರೆಂಟ್ ಹೋಯಿತು. 1948ರಿಂದಲೂ ವಿದ್ಯುತ್ ತಯಾರಾಗುತ್ತಿರುವ ಜೋಗ ಇಲ್ಲಿಂದ ಮೂವತ್ತು ಕಿಲೋಮೀಟರ್. ಇರಲಿ. ಓವನ್ 1500 ವಾಟ್ ಎಳೆಯುತ್ತದೆ, ನಮ್ಮ ಇನ್ವರ್ಟರಿಗೆ ಅದು ಆಗದ ಮಾತು. ಸಾವಿತ್ರಿ ಅಜ್ಜಿಯ ಕಾಲದ ಉಪಾಯ ತೆಗೆದಳು. ದಪ್ಪ ತಳದ ಉರುಳಿಯೊಳಗೆ ಮರಳು ಹರಡಿ, ಅದರ ಮೇಲೆ ತಟ್ಟೆಯಿಟ್ಟು, ಮುಚ್ಚಳದ ಮೇಲೆ ತೆಂಗಿನ ಕರಟದ ಕೆಂಡ. ಇಲ್ಲಿಗೆ ಓದುಗರು ಹೊಗೆಯ ಪರಿಮಳದ ಬಿಸ್ಕತ್ತು ಎಲ್ಲಕ್ಕಿಂತ ರುಚಿಯಾಯಿತು ಎಂಬ ಮಾತಿಗೆ ಕಾದಿರಬಹುದು. ಇಲ್ಲ. ಏಳರಲ್ಲಿ ನಾಲ್ಕು ತಳ ಹಿಡಿದವು, ಮೂರರಲ್ಲಿ ಸುಟ್ಟ ಕರಟದ ವಾಸನೆ. ನಾಲ್ಕು ದಿನ ಚಹಾದಲ್ಲಿ ಅದ್ದಿ ನಾನೇ ಮುಗಿಸಿದೆ. ಉಳಿದ ಹಿಟ್ಟು ಕರೆಂಟ್ ಬರುವವರೆಗೆ ಫ್ರಿಜ್ಜಿನಲ್ಲಿ ಕಾದಿತ್ತು, ರಾತ್ರಿ ಹತ್ತಕ್ಕೆ ಓವನ್ ಸೇರಿತು.

ಡಿಸೆಂಬರೆಂದರೆ ನಮ್ಮಲ್ಲಿ ಅಡಿಕೆ ಕೊಯ್ಲು. ಸಂಜೆ ಅಂಗಳದ ಚಪ್ಪರದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಆರೇಳು ಜನ ಸುಲಿಯುತ್ತಾ ಕೂತಿರುತ್ತಾರೆ. ಅಂಚು ಮುರಿದವು, ಅಚ್ಚು ಸೊಟ್ಟಗಾದವು ಅವರ ಚಹಾದ ಜೊತೆಗೆ ಹೋದವು. ಹಿರಿಯಳೊಬ್ಬಳು ತಿಂದು, “ಹೆಗಡೇರೆ, ಇದಕ್ಕೆ ಕಷಾಯದ ಪುಡಿ ಹಾಕಿದ್ದೀರಾ?” ಎಂದಳು. ಯೋಚಿಸಿದರೆ ಅವಳು ಹೇಳಿದ್ದು ಸರಿಯೇ. ಮೆಣಸು, ಶುಂಠಿ, ಏಲಕ್ಕಿ, ಜಾಯಿಕಾಯಿ, ಮೇಲೆ ಬೆಲ್ಲ. ಇಷ್ಟು ವರ್ಷ ನಾನು ಮಾಡುತ್ತಿದ್ದ ಒಂದೇ ಅಡುಗೆಯನ್ನು ಈಗ ಗಟ್ಟಿ ಮಾಡಿದ್ದೆ.

ಎಣಿಸಿ ಆರಿಸಿದ ನಲವತ್ತನ್ನು ಡಬ್ಬಿಗೆ ಹಾಕಿ, ಇರುವೆ ಬಾರದಂತೆ ನೀರು ತುಂಬಿದ ತಟ್ಟೆಯಲ್ಲಿ ಡಬ್ಬಿ ಇಟ್ಟೆವು. ಮೂರು ದಿನದಲ್ಲಿ ಲವಂಗದ ಕಟುವು ಇಳಿದು ದಾಲ್ಚಿನ್ನಿ ಮುಂದೆ ಬಂತು. 24ರ ಸಂಜೆ ತಟ್ಟೆ ಬಂತು. 25ರ ಬೆಳಿಗ್ಗೆ, ಲಿಲ್ಲಿಯಮ್ಮ ಚರ್ಚಿನಿಂದ ಹಿಂದಿರುಗುವ ಹೊತ್ತಿಗೆ ನಾವಿಬ್ಬರೂ ಅವರ ಜಗುಲಿಯಲ್ಲಿದ್ದೆವು. ಡಿಸೆಂಬರಿನಲ್ಲಿಯೇ ತಟ್ಟೆಯನ್ನು ಕಂಡು ಅವರಿಗೆ ಗಾಬರಿಯಾಯಿತು, ಕುಸ್ವಾರ್ ಕೆಟ್ಟಿತ್ತೇ ಎಂದು. ಬಟ್ಟೆ ಸರಿಸಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. “ಹಿಂಗಾರ!” ಎಂದರು. ಗುರುತು ಸಿಕ್ಕಿತಲ್ಲ ಎಂಬುದೇ ನನಗೆ ಸಾಕಾಗಿತ್ತು. ತಿಂದ ಮೇಲೆ ಎರಡನೆಯದನ್ನೂ ತೆಗೆದುಕೊಂಡರು, ಯಾರೂ ಒತ್ತಾಯ ಮಾಡದೆ.

ಎರಡು ದಿನ ಬಿಟ್ಟು ಲಿಲ್ಲಿಯಮ್ಮ ಬಂದರು, ಮಾಡುವ ವಿಧಾನ ಬರೆದುಕೊಡಿ ಎಂದು. ನಾನು ಮೊದಲೇ ಬರೆದಿಟ್ಟಿದ್ದ ಹಾಳೆ ಕೊಟ್ಟೆ. ಓದಿ, ಮಡಿಸಿ, ನನಗೇ ಹಿಂದಕ್ಕೆ ಕೊಟ್ಟರು.

“ಹೆಗಡೆಯವರೇ, ನಮ್ಮ ಮನೆಯಲ್ಲಿ ಗ್ರಾಮು ಗೀಮು ಇಲ್ಲ. ಎಷ್ಟು ಲೋಟ, ಅದನ್ನು ಹೇಳಿ.”

ಕಪ್ಪಿನ ಅಳತೆ ಏಕೆ ಸುಳ್ಳು ಎಂದು ನಾನು 122, 149ರ ಲೆಕ್ಕ ಶುರುಮಾಡಿದೆ. ಸಾವಿತ್ರಿ ಬಾಗಿಲ ಬಳಿ ನಿಂತು ನಗುತ್ತಿದ್ದಳು. ಲಿಲ್ಲಿಯಮ್ಮ ಪೂರ್ತಿ ಕೇಳಿಸಿಕೊಂಡು, ಮನೆಗೆ ಹೋಗಿ ತಮ್ಮ ಲೋಟವನ್ನೇ ತಂದರು. ಅಂಚಿನಲ್ಲಿ ಸಣ್ಣ ನೆಗ್ಗು ಬಿದ್ದ ಹಳೆಯ ಸ್ಟೀಲ್ ಲೋಟ, ಅವರ ಅತ್ತೆಯ ಕಾಲದ್ದಂತೆ. ಮೈದಾ ಡಬ್ಬಿ ತೆಗೆದು, ನೀವು ಹೇಗೆ ತುಂಬುತ್ತೀರೋ ಹಾಗೆಯೇ ತುಂಬಿ ಎಂದೆ. ಮೊಗೆದು, ಹೆಬ್ಬೆರಳಿನಿಂದ ಮೇಲೆ ಸವರಿ ಕೊಟ್ಟರು. ತೂಗಿದೆ. ಐದು ಸಲ ಬೇರೆಬೇರೆಯಾಗಿ ತುಂಬಿಸಿ ತೂಗಿದೆ. ನಾಲ್ಕು ಸಲ 138 ಗ್ರಾಂ, ಒಮ್ಮೆ ಮಾತ್ರ 139.

ಅವರ ಹಾಳೆಯಲ್ಲಿ ಈಗ ಮೈದಾ ‘ಎರಡು ಲೋಟಕ್ಕೆ ಒಂದು ಹಿಡಿ ಕಡಿಮೆ’ ಎಂದಿದೆ. ಹಿಡಿಯನ್ನೂ ತೂಗಿಯೇ ಬರೆದದ್ದು.